ಅದೇ ಪ್ರಮಾಣ

"ಮುಂದಗಡೆ ಬಲಗಡೆ ಶಾಕಪ್ ಹೋಗಿದೆ ಅಮ್ಮಾ. ಸೀಲ್ ಹಾಕಿದರೆ ನಿಲ್ಲೋದಲ್ಲ, ಶಾಫ್ಟೇ ಆಡ್ತಿದೆ" ಎಂದರು ಮೇಸ್ತ್ರಿ. ಅಪ್ಪನ ಕಾರು ಅದು, 1954ರ ಮಾರಿಸ್ ಮೈನರ್. ಹಾಸನದಲ್ಲಿ ಡಾಕ್ಟರಾಗಿದ್ದ ಅಪ್ಪ 1962ರಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡು, ಹೆರಿಗೆ, ಹಾವು ಕಡಿತ, ವಾಂತಿಭೇದಿ ಎಂದು ರಾತ್ರಿಹೊತ್ತು ಹಳ್ಳಿಹಳ್ಳಿ ಸುತ್ತಿದ್ದು ಇದರಲ್ಲೇ. ಈಗ ಮೈಸೂರಿನಲ್ಲಿ ನನ್ನ ಮನೆಯ ಶೆಡ್ಡಿನಲ್ಲಿದೆ. ಭಾನುವಾರ ಬೆಳಿಗ್ಗೆ ಹೊರಗೆ ತೆಗೆಯುತ್ತೇನೆ.

ಶಾಕಪ್ ಅಂದರೆ ಶಾಕ್ ಅಬ್ಸಾರ್ಬರ್. ಆ ಹೆಸರೇ ಸರಿಯಿಲ್ಲ. ಹೊಡೆತ ತಿನ್ನುವುದು ಸ್ಪ್ರಿಂಗು. ಮೈನರಿನ ಮುಂಭಾಗದಲ್ಲಿ ಅದು ಸುರುಳಿಯಲ್ಲ, ನೆಲದಡಿಯಲ್ಲಿ ಉದ್ದಕ್ಕೆ ಮಲಗಿರುವ ಉಕ್ಕಿನ ಸರಳು. ತಿರುಚಿಕೊಂಡು ಹೊಡೆತ ತಾಳುತ್ತದೆ, ತಾಳಿದ್ದನ್ನು ಹಾಗೇ ವಾಪಸು ಕೊಡುತ್ತದೆ. ಅದರ ಪಾಡಿಗೆ ಬಿಟ್ಟರೆ ಒಂದೇ ಗುಂಡಿಗೆ ಕಾರು ಮತ್ತೆ ಮತ್ತೆ ತೂಗುತ್ತಿರುತ್ತದೆ. ಆ ತೂಗಾಟ ನಿಲ್ಲಿಸುವುದು ಶಾಕಪ್ಪಿನ ಕೆಲಸ. ಒಂದು ಎರಕದ ಡಬ್ಬಿ, ಒಳಗೆ ಪಿಸ್ಟನ್, ಒಂದಿಷ್ಟು ಎಣ್ಣೆ, ಹೊರಗೆ ಒಂದು ತೋಳು. ಚಕ್ರ ಎದ್ದಾಗ ತೋಳು ಏಳುತ್ತದೆ, ಪಿಸ್ಟನ್ ಒತ್ತುತ್ತದೆ, ಎಣ್ಣೆ ವಾಲ್ವಿನ ಕಿಂಡಿಯಲ್ಲಿ ನುಸುಳಿ ಬಿಸಿಯಾಗುತ್ತದೆ. ಅಲುಗಾಟವೆಲ್ಲ ಆ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಈ ಕಾರಿನಲ್ಲಿ ಆ ತೋಳಿಗೆ ಇನ್ನೊಂದು ಕೆಲಸವೂ ಇದೆ. ಮುಂದಿನ ಚಕ್ರವನ್ನು ಮೇಲುಗಡೆಯಿಂದ ಹಿಡಿದು ನಿಲ್ಲಿಸುವುದೂ ಅದೇ. ಮೇಸ್ತ್ರಿ ಲಾಕ್ ಪ್ಲೇಟಿನ ಮಡಿಕೆ ಬಿಡಿಸಿ ನಾಲ್ಕು ಬೋಲ್ಟು ಬಿಚ್ಚುವ ಮೊದಲು ಕೆಳಗೆ ಜಾಕು ಕೊಟ್ಟು, ಚಕ್ರದ ಹಬ್ಬಿನ ಅಡಿಗೆ ಮರದ ತುಂಡು ಇಟ್ಟರು. ಡಬ್ಬಿ ಕೈಗೆ ಬಂದಾಗ ಹಬ್ಬು ಹಿಡಿತ ತಪ್ಪಿದವರ ಹಾಗೆ ಹೊರಕ್ಕೆ ವಾಲಿತು. ಶಾಕಪ್ಪಿಗೆ ಬೇರೆ ಕೆಲಸವಿಲ್ಲದ ಕಾರಿನಲ್ಲಿ ಅದು ಹೋದರೆ ಕುಲುಕುತ್ತದೆ, ಅಷ್ಟೆ. ಇಲ್ಲಿ ಅದನ್ನು ತೆಗೆದರೆ ಚಕ್ರವೇ ನಿಲ್ಲುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದೆ. ಒಬ್ಬ ಹಳೆಯ ಅಂಗಡಿಯವರು ಡಬ್ಬಿಯನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿ, ಇಂಥದ್ದು ಕಣ್ಣಿಗೆ ಬಿದ್ದು ಎಷ್ಟೋ ವರ್ಷವಾಯಿತು ಎಂದರು. ಉಳಿದವರೆಲ್ಲ ಹೇಳಿದ್ದು ಒಂದೇ: ಟೆಲಿಸ್ಕೋಪಿಕ್ ಹಾಕಿಸಿಬಿಡಿ. ಈಗಿನ ಕೊಳವೆ ಮಾದರಿಯ ಶಾಕಪ್ಪನ್ನು ಪಕ್ಕದಲ್ಲಿ ಕೂಡಿಸುವುದು. ಹಳೆಯ ತೋಳು ಚಕ್ರ ಹಿಡಿದುಕೊಂಡು ಇದ್ದಲ್ಲೇ ಇರುತ್ತದೆ, ತೂಗಾಟ ನಿಲ್ಲಿಸುವ ಕೆಲಸ ಮಾತ್ರ ಹೊಸದಕ್ಕೆ. ಮೆತ್ತಗೆ ಓಡುತ್ತದೆ, ಸೋರುವ ಕಾಟವಿಲ್ಲ. ತಪ್ಪೇನಿಲ್ಲ ಅದರಲ್ಲಿ. ಆದರೂ ಒಳಗೆ ಎಣ್ಣೆಯ ಕೆಲಸವಿಲ್ಲದೆ ಬರೀ ಕೀಲಾಗಿ ಉಳಿದ ಆ ತೋಳನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತಿತ್ತು. ಪೂಜೆ ನಿಂತುಹೋದ ಗುಡಿಯಲ್ಲಿ ವಿಗ್ರಹ ಮಾತ್ರ ಉಳಿದ ಹಾಗೆ.

ಹೋಲಿಕೆ ಹುಡುಕಿ ತಂದದ್ದಲ್ಲ. ನನ್ನ ತಾಯಿಯ ತಂದೆ ಹೇಮಾವತಿ ದಡದ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಅಲ್ಲಿ ಜೀರ್ಣೋದ್ಧಾರ ನಡೆದಾಗ ನನಗೆ ಹನ್ನೊಂದು ವರ್ಷ. ಮೂಲಮೂರ್ತಿಯ ತೋಳು ಬಿರುಕುಬಿಟ್ಟಿತ್ತು. ಬೆರಳ ತುದಿಯೋ ಆಭರಣದ ಅಂಚೋ ಮುಕ್ಕಾಗಿದ್ದರೆ ಸರಿಮಾಡಿಕೊಳ್ಳಬಹುದಿತ್ತು, ಮುಖ್ಯ ಅಂಗ ಹೋದರೆ ಹೊಸ ಬಿಂಬವೇ ಆಗಬೇಕು ಎಂದು ತಾತ ಹೇಳಿದ್ದರು. ದೇವರ ಕಳೆಯನ್ನು ಮಂತ್ರದಿಂದ ಕುಂಭದ ನೀರಿಗೆ ಇಳಿಸಿ, ಕುಂಭವನ್ನು ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿ ಇಟ್ಟರು. ಹಳೆಯ ಕಲ್ಲನ್ನು ತೆಪ್ಪದಲ್ಲಿ ಹೊಳೆಯ ಮಡುವಿಗೆ ಒಯ್ದರು. ಅಷ್ಟು ವರ್ಷ ತಾನೇ ಅಭಿಷೇಕ ಮಾಡಿದ ಕಲ್ಲನ್ನು ನೀರಿಗೆ ಬಿಡುವಾಗ ತಾತ ಅಳಲಿಲ್ಲ. ಅವರು ಪಟ್ಟು ಹಿಡಿದದ್ದು ಬೇರೆ ವಿಷಯಕ್ಕೆ. ಊರಿನ ದೊಡ್ಡವರೊಬ್ಬರು, ಹೇಗೂ ಹೊಸದು ಮಾಡಿಸುತ್ತೀವಿ, ಇನ್ನೊಂದು ಅಡಿ ಎತ್ತರ ಇರಲಿ, ಖರ್ಚು ನನ್ನದು ಎಂದಿದ್ದರು. ತಾತ ಒಪ್ಪಲಿಲ್ಲ. ಕಲ್ಲು ಬೇರೆಯಾಗಬಹುದು, ಪ್ರಮಾಣ ಅದೇ ಇರಬೇಕು ಎಂದರು. ಗರ್ಭಗುಡಿ, ಬಾಗಿಲು, ಪೀಠ ಎಲ್ಲವೂ ಆ ಅಳತೆಗೆ ಹೊಂದಿಕೊಂಡು ನಿಂತಿವೆ ಎಂಬುದು ಅವರ ಮಾತು.

ಕೊನೆಗೆ ಇಂಗ್ಲೆಂಡಿನಲ್ಲಿ ಈ ಹಳೆಯ ಡಬ್ಬಿಗಳನ್ನೇ ದುರಸ್ತಿ ಮಾಡಿ ಮಾರುವ ಒಂದು ವರ್ಕ್‌ಶಾಪ್ ಸಿಕ್ಕಿತು. ಸವೆದ ಶಾಫ್ಟಿನ ತೂತು ಕೊರೆದು ಬುಶ್ ಕೂರಿಸಿ, ಈಗಿನ ಸೀಲ್ ಹಾಕುತ್ತಾರೆ. ಷರತ್ತು ಒಂದೇ, ನಮ್ಮ ಹಳೆಯದನ್ನು ಅವರಿಗೆ ಕೊಡಬೇಕು. ಅದನ್ನು ಅವರು ಸರಿಮಾಡಿ ಇನ್ಯಾರಿಗೋ ಕೊಡುತ್ತಾರೆ.

ಮೂವತ್ತು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿದವಳು ನಾನು. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳಿದ ಪ್ರಶ್ನೆಯನ್ನು ಪ್ರತಿ ವರ್ಷ ಮಕ್ಕಳ ಮುಂದೆ ಇಟ್ಟಿದ್ದೇನೆ: ಅಚ್ಚು ರಥವೇ? ಚಕ್ರ ರಥವೇ? ನೊಗವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ಆ ವಾದದಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಆದರೂ ಸೀಮೆಎಣ್ಣೆಯಲ್ಲಿ ತೊಳೆದ ಆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಾಗ ನಾಗಸೇನನ ಉತ್ತರ ಸಾಲಲಿಲ್ಲ. ಅದರ ಒಂದು ಮೂಲೆಯಲ್ಲಿ ನಮ್ಮ ಹಳೆಯ ಗೇಟಿನ ಹಸಿರು ಬಣ್ಣ ಒಂದು ಹನಿ ಅಂಟಿತ್ತು. ಅಪ್ಪ ಗೇಟಿಗೆ ಬಳಿಯುತ್ತ ಅದೇ ಕೈಯಲ್ಲಿ ಎಣ್ಣೆಯ ಮಟ್ಟ ನೋಡಿರಬೇಕು.

ನಾಗಸೇನ ಕೇಳಿದ್ದು ರಥ ಯಾವುದು ಎಂದು. ನಾನು ಕೇಳಿಕೊಂಡದ್ದು, ಬದಲಾಯಿಸುವಾಗ ನಾನು ಯಾವುದಕ್ಕೆ ಬದ್ಧಳು ಎಂದು. ಕಬ್ಬಿಣಕ್ಕಾದರೆ, ಸೋರುವ ಡಬ್ಬಿಯನ್ನು ಷೋಕೇಸಿನಲ್ಲಿ ಇಟ್ಟು ಕಾರನ್ನು ಶೆಡ್ಡಿನಲ್ಲೇ ನಿಲ್ಲಿಸಬೇಕು. ಬರೀ ಓಟಕ್ಕಾದರೆ ಟೆಲಿಸ್ಕೋಪಿಕ್ ಸಾಕು. ತಾತ ಹೇಳಿದ ಪ್ರಮಾಣ ಇವೆರಡರ ನಡುವಿನದು. ಒಂದು ವಸ್ತು ತನ್ನ ಸುತ್ತಲಿನ ವಸ್ತುಗಳ ಜೊತೆ ಮಾಡಿಕೊಂಡ ಒಪ್ಪಂದ ಅದು. ಚಕ್ರ ಹಿಡಿಯುವ ಕೈಯೇ ಚಕ್ರದ ತೂಗಾಟವನ್ನೂ ಸಮಾಧಾನಪಡಿಸಬೇಕು ಎಂಬುದು ಈ ಕಾರಿನ ಒಳಗಿನ ಒಪ್ಪಂದ. ಅದನ್ನು ಮುರಿಯದೆ ಕಬ್ಬಿಣವನ್ನು ಬಿಟ್ಟುಕೊಡಬಹುದು ಎಂದು ನನಗೆ ಅನ್ನಿಸಿತು. ಮೂಲ ಎಂಬ ಮಾತಿಗೆ ನನಗೆ ಈಗ ಇದೊಂದೇ ಅರ್ಥ. ಅಪ್ಪನ ಡಬ್ಬಿ ಎಲ್ಲೋ ಇನ್ನೊಬ್ಬರ ಚಕ್ರ ಹಿಡಿದುಕೊಳ್ಳುತ್ತದೆ ಎಂಬುದು ಮೊದಲು ಚುಚ್ಚಿತು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಹೊಲಿಗೆ ಹಾಕಿಸಿ ಕೊಡುವ ಹೊತ್ತಿಗೆ ಅದೇ ಸಮಾಧಾನವೂ ಆಯಿತು. ಹಸಿರು ಹನಿಯನ್ನು ಕೆರೆಯಲಿಲ್ಲ.

ಇಂಗ್ಲೆಂಡಿನಿಂದ ಬಂದದ್ದು ಕಪ್ಪು ಬಣ್ಣ ಬಳಿದ, ಅದೇ ಆಕಾರದ, ಯಾರದ್ದೋ ಡಬ್ಬಿ. ಹಳೆಯ ನಾಲ್ಕು ಬೋಲ್ಟೇ ಕೂತವು. ಲಾಕ್ ಪ್ಲೇಟು ಮಾತ್ರ ಹೊಸದು. ಮೇಸ್ತ್ರಿ ತೋಳನ್ನು ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಿಸಿದರು, ಎಣ್ಣೆ ಹಾಕಿ ಬಿರಡೆ ಮುಚ್ಚಿದರು. ಆಮೇಲೆ ಮಡ್‌ಗಾರ್ಡಿನ ಮೇಲೆ ಎರಡೂ ಕೈಯೂರಿ ಒತ್ತಿ ಬಿಟ್ಟರು. ಕಾರು ಎದ್ದಿತು, ಒಂಚೂರು ತಗ್ಗಿತು, ನಿಂತಿತು. ಸುತ್ತಿಕೊಂಡು ಹೋಗಿ ಎಡಗಡೆಯೂ ಒತ್ತಿದರು. ಅದೂ ಹಾಗೇ ನಿಂತಿತು.

"ಇದನ್ನೂ ಬದಲಾಯಿಸಬೇಕಾ?" ಎಂದೆ.

ಅವರು ಬಗ್ಗಿ ಡಬ್ಬಿಯ ಅಡಿ ಬೆರಳಾಡಿಸಿ ನನಗೆ ತೋರಿಸಿದರು. ಒಣಗಿತ್ತು. "ಇನ್ನೂ ಬೇಡ. ಇದು ನಿಮ್ಮಪ್ಪಂದೇ ಅಮ್ಮಾ" ಎಂದರು.