ನೈವೇದ್ಯದ ಅಳತೆ

ಸಕ್ಕರೆ ಕಾಯಿಲೆ ಮನೆಮನೆಯ ಮಾತಾಗಿರುವ ಈ ಕಾಲದಲ್ಲಿ ಹಬ್ಬದ ಅಡುಗೆಯನ್ನು ಹಗುರಗೊಳಿಸುವುದು, ಎಂದರೆ ಹೂರಣಕ್ಕೆ ಹಾಕುವ ಬೆಲ್ಲವನ್ನು ಅರ್ಧಕ್ಕೆ ಇಳಿಸುವುದು, ಕಡುಬನ್ನು ಕರಿಯುವ ಬದಲು ಹಬೆಯಲ್ಲಿ ಬೇಯಿಸುವುದು, ಶಾವಿಗೆಯ ಪಾಯಸವಿದ್ದಲ್ಲಿ ಹೆಸರುಬೇಳೆಯ ಪಾಯಸ ಮಾಡುವುದು, ಮೇಲ್ನೋಟಕ್ಕೆ ಆರೋಗ್ಯದ ವಿಷಯವಾಗಿ ಮಾತ್ರ ಕಾಣುತ್ತದೆ. ಆದರೆ ಹಬ್ಬದ ಅಡುಗೆಯು ಮೊದಲು ದೇವರ ಮುಂದೆ ಇಡುವ ಅಡುಗೆಯಾದ್ದರಿಂದ ಈ ಬದಲಾವಣೆಯ ಒಳಗೆ ಒಂದು ಧಾರ್ಮಿಕ ಪ್ರಶ್ನೆಯೂ ಅಡಗಿದೆ. ದೇವರಿಗೆಂದು ಮಾಡುವ ಪಾಕವನ್ನು ಉಣ್ಣುವವರ ದೇಹಸ್ಥಿತಿ ನೋಡಿ ಬದಲಿಸಬಹುದೇ, ಬದಲಿಸಿದ ಮೇಲೂ ಅದು ನೈವೇದ್ಯವಾಗಿಯೇ ಉಳಿಯುತ್ತದೆಯೇ, ವೈದ್ಯರು ಬೇಡವೆಂದದ್ದನ್ನು ಪ್ರಸಾದವೆಂದು ಕೈಗೆ ಕೊಟ್ಟಾಗ ಬೇಡವೆನ್ನುವುದು ಅಪಚಾರವಾಗುತ್ತದೆಯೇ ಎಂಬ ಸಂಕೋಚಗಳು ಬಾಯಿಬಿಟ್ಟು ಹೇಳದಿದ್ದರೂ ಅನೇಕ ಮನೆಗಳ ಹಿರಿಯರ ಮನಸ್ಸಿನಲ್ಲಿವೆ.

ಈ ಸಂಕೋಚಗಳಿಗೆ ಮುಖ್ಯ ಕಾರಣ ಮೂರು ಬೇರೆ ಬೇರೆ ಸಂಗತಿಗಳು ಒಂದಾಗಿ ಬೆರೆತುಹೋಗಿರುವುದು. ನಿವೇದಿಸಿದ್ದು, ಎಂದರೆ ದೇವರಿಗೆ ಒಪ್ಪಿಸಿದ್ದು, ನೈವೇದ್ಯ; ಹಾಗೆ ಒಪ್ಪಿಸಿದ ಮೇಲೆ ದೇವರ ಪ್ರಸನ್ನತೆಯ ಗುರುತಾಗಿ ಭಕ್ತನಿಗೆ ಮರಳಿ ದೊರೆಯುವುದು ಪ್ರಸಾದ; ಆ ಬಳಿಕ ನೆಂಟರಿಷ್ಟರೊಡನೆ ಎಲೆ ಹಾಕಿಕೊಂಡು ಮಾಡುವುದು ಊಟ. ದೇವರ ಮುಂದಿನ ಎಲೆಗೆ ಪ್ರತಿಯೊಂದು ಪದಾರ್ಥವೂ ಸ್ವಲ್ಪ ಸ್ವಲ್ಪವೇ ಬೀಳುತ್ತದೆ, ತೀರ್ಥವು ಒಂದು ಉದ್ಧರಣೆಯಷ್ಟಿರುತ್ತದೆ, ಪಂಚಕಜ್ಜಾಯವು ಅಂಗೈಯ ಗುಳಿಯಲ್ಲಿ ನಿಲ್ಲುವಷ್ಟಿರುತ್ತದೆ. ಮಧುಮೇಹಿಯ ರಕ್ತದ ಸಕ್ಕರೆಯನ್ನು ಏರಿಸುವುದು ಈ ಅಂಗೈಯ ಪ್ರಸಾದಕ್ಕಿಂತ ಹೆಚ್ಚಾಗಿ ಅದರ ಹೆಸರಿನಲ್ಲಿ ಎಲೆಗೆ ಬೀಳುವ ಎರಡನೆಯ, ಮೂರನೆಯ ಹೋಳಿಗೆಯಾಗಿರುವುದರಿಂದ, ಅಳತೆಯ ಪ್ರಶ್ನೆಯು ಪೂಜೆಗೆ ಸಂಬಂಧಿಸಿದ್ದಕ್ಕಿಂತ ಹೆಚ್ಚಾಗಿ ಪಂಕ್ತಿಗೆ ಸಂಬಂಧಿಸಿದ್ದು.

ಅನ್ನದ ಬಗ್ಗೆ ಭಾರತೀಯ ಚಿಂತನೆಯಲ್ಲಿ ಬಂದಿರುವ ಅತ್ಯಂತ ಗಂಭೀರವಾದ ಮಾತು ತೈತ್ತಿರೀಯ ಉಪನಿಷತ್ತಿನಲ್ಲಿದೆ. ಅಲ್ಲಿ ಅನ್ನ ಎಂಬ ಪದವನ್ನು ಬಿಡಿಸುವಾಗ, ಪ್ರಾಣಿಗಳು ಅದನ್ನು ತಿನ್ನುತ್ತವೆ, ಅದೂ ಪ್ರಾಣಿಗಳನ್ನು ತಿನ್ನುತ್ತದೆ, ಆದುದರಿಂದಲೇ ಅದಕ್ಕೆ ಆ ಹೆಸರು ಎಂದು ಎರಡು ಕಡೆಯಿಂದಲೂ ಅರ್ಥ ಹೇಳಲಾಗಿದೆ. ಅದೇ ಭಾಗದಲ್ಲಿ ಅನ್ನವನ್ನು ಎಲ್ಲಕ್ಕೂ ಔಷಧವೆಂದೂ ಕರೆಯಲಾಗಿದೆ. ಉಣ್ಣುವವನನ್ನು ಉಣ್ಣುವ ಶಕ್ತಿ ಮತ್ತು ಅವನನ್ನು ಕಾಯುವ ಶಕ್ತಿ ಎರಡೂ ಒಂದೇ ವಸ್ತುವಿನಲ್ಲಿವೆ ಎಂಬ ಈ ತಿಳಿವಳಿಕೆಗೆ ಮಧುಮೇಹಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಎರಡನೆಯ ವಿಧದ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ನಿನ ಮಾತನ್ನು ಯಕೃತ್ತು ಮತ್ತು ಸ್ನಾಯುಗಳು ಸರಿಯಾಗಿ ಕೇಳುವುದಿಲ್ಲ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೊಬ್ಬು ಶೇಖರವಾದಷ್ಟೂ ಈ ಕಿವುಡು ಹೆಚ್ಚುತ್ತದೆ. ಕೊನೆಗೆ ಉಂಡ ಅನ್ನವು ಜೀವಕೋಶಗಳಿಗೆ ಸೇರದೆ ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ ಮತ್ತು ಪಾದಗಳ ನರಗಳನ್ನು ನಿಧಾನವಾಗಿ ಸವೆಸುತ್ತದೆ. ಭಾರತೀಯರಲ್ಲಿ ಈ ಕೊಬ್ಬು ಕಡಿಮೆ ತೂಕದಲ್ಲಿಯೇ ಸೇರಿಕೊಳ್ಳುವುದರಿಂದ ದೇಹತೂಕದ ಸೂಚ್ಯಂಕ 23 ದಾಟಿದಾಗಲೇ ಎಚ್ಚರ ಬೇಕೆಂದು ವೈದ್ಯರು ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು.

ಇದು ಹೊಸ ಕಾಲದ ರೋಗ, ಹಿಂದಿನವರು ಎಷ್ಟು ಸಿಹಿ ತಿಂದರೂ ಅವರಿಗೆ ಏನೂ ಆಗುತ್ತಿರಲಿಲ್ಲ ಎಂಬ ಮಾತನ್ನು ಪ್ರಾಚೀನ ವೈದ್ಯಗ್ರಂಥಗಳು ಒಪ್ಪುವುದಿಲ್ಲ. ಚರಕಸಂಹಿತೆಯು ಪ್ರಮೇಹವೆಂಬ ರೋಗವರ್ಗದಲ್ಲಿ ಇಪ್ಪತ್ತು ಬಗೆಗಳನ್ನು ಎಣಿಸಿ, ಮಧುಮೇಹವನ್ನು ವಾತದಿಂದ ಹುಟ್ಟುವ ನಾಲ್ಕರಲ್ಲಿ ಸೇರಿಸುತ್ತದೆ; ಮೂತ್ರಕ್ಕೆ ಇರುವೆ ಮುತ್ತುವುದನ್ನು ರೋಗ ಬರುವ ಮುನ್ಸೂಚನೆಗಳಲ್ಲಿ ಹೇಳುತ್ತದೆ; ಕಾರಣಗಳನ್ನು ಎಣಿಸುವಾಗ ಕುಳಿತಲ್ಲೇ ಸುಖವಾಗಿ ಕುಳಿತಿರುವುದು, ಹೆಚ್ಚು ನಿದ್ರೆ, ಮೊಸರು, ಹೊಸ ಧಾನ್ಯ ಇವುಗಳ ಸಾಲಿನಲ್ಲಿ ಬೆಲ್ಲದಿಂದ ಮಾಡಿದ ತಿನಿಸುಗಳನ್ನೂ ಹೆಸರಿಸುತ್ತದೆ. ಸುಶ್ರುತಸಂಹಿತೆಯು ಧನವಿಲ್ಲದ ರೋಗಿಗೆ, ಕಾಲಿಗೆ ಪಾದರಕ್ಷೆಯಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತಾ, ಭಿಕ್ಷೆಯನ್ನು ಉಂಡು ನೂರು ಯೋಜನ ನಡೆಯುವ ಚಿಕಿತ್ಸೆಯನ್ನು ವಿಧಿಸುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದವರು ವಾರಕ್ಕೆ 150 ನಿಮಿಷ ನಡೆದು, ದೇಹದ ತೂಕದಲ್ಲಿ ಶೇಕಡಾ 7ರಷ್ಟನ್ನು ಇಳಿಸುವ ಗುರಿ ಹಿಡಿದರೆ ರೋಗ ಬರುವ ಸಂಭವ ಶೇಕಡಾ 58ರಷ್ಟು ತಗ್ಗುತ್ತದೆಯೆಂದು 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿದಾಗ, ಆ ಹಳೆಯ ಪಾದಯಾತ್ರೆಯ ವಿವೇಕವು ಬೇರೆ ದಾರಿಯಿಂದ ಮತ್ತೆ ಸಿದ್ಧವಾದಂತಾಯಿತು.

ಬೆಲ್ಲವು ಸಕ್ಕರೆಗಿಂತ ನಿರಪಾಯಕಾರಿ ಎಂಬ ನಂಬಿಕೆ ಕನ್ನಡ ಮನೆಗಳಲ್ಲಿ ಬಹಳ ಆಳವಾಗಿ ಬೇರೂರಿರುವುದರಿಂದ ಚರಕನ ಆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಖನಿಜಗಳು ಅಲ್ಪಸ್ವಲ್ಪ ಇದ್ದರೂ ಅದರ ಬಹುಭಾಗ ಸುಕ್ರೋಸ್, ಎಂದರೆ ಬಿಳಿಯ ಸಕ್ಕರೆಯಲ್ಲಿರುವ ವಸ್ತುವೇ, ಆಗಿದೆ. ಗ್ರಾಂ ಒಂದಕ್ಕೆ ಅದೂ ಹೆಚ್ಚುಕಡಿಮೆ ನಾಲ್ಕು ಕ್ಯಾಲೊರಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಬೆರೆಸಿದ ಸಕ್ಕರೆಯು ದಿನದ ಶಕ್ತಿಯಲ್ಲಿ ಶೇಕಡಾ 10ನ್ನು ಮೀರಬಾರದೆಂದೂ, ಶೇಕಡಾ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದೆಂದೂ ಹೇಳುತ್ತದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಈ ಎರಡನೆಯ ಮಿತಿಯು 25 ಗ್ರಾಂ ಆಗುವುದರಿಂದ, ಒಂದು ಹೋಳಿಗೆಯ ಹೂರಣಕ್ಕೆ ಅಷ್ಟು ಬೆಲ್ಲ ಹಿಡಿದಿದ್ದರೆ ಆ ಒಂದರಲ್ಲಿಯೇ ದಿನದ ಲೆಕ್ಕ ಮುಗಿಯುತ್ತದೆ.

ಹಾಗಾದರೆ ಬೆಲ್ಲ ತಗ್ಗಿಸಿದ ಹೋಳಿಗೆ ದೇವರಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪೂರ್ವಮೀಮಾಂಸೆಯ, ಎಂದರೆ ವೈದಿಕ ವಿಧಿವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರದ, ಪ್ರತಿನಿಧಿ ವಿಚಾರವು ನೆರವಾಗುತ್ತದೆ. ವಿಧಿಸಿದ ದ್ರವ್ಯ ದೊರೆಯದಿದ್ದಾಗ ಅದರ ಸ್ಥಾನದಲ್ಲಿ ಬಳಸುವ ಬೇರೆ ದ್ರವ್ಯಕ್ಕೆ ಪ್ರತಿನಿಧಿ ಎಂದು ಹೆಸರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ಚರ್ಚೆ ಬರುತ್ತದೆ: ವ್ರೀಹಿ, ಎಂದರೆ ಭತ್ತ, ಸಿಗದಿದ್ದರೆ ನಿತ್ಯಕರ್ಮವನ್ನು ನಿಲ್ಲಿಸದೆ ನೀವಾರವೆಂಬ ಕಾಡುಭತ್ತದಿಂದ ನಡೆಸಬಹುದು, ದ್ರವ್ಯಕ್ಕೆ ಪ್ರತಿನಿಧಿಯುಂಟು, ಆದರೆ ದೇವತೆಗೆ, ಮಂತ್ರಕ್ಕೆ, ಕ್ರಿಯೆಗೆ, ಯಜಮಾನನಿಗೆ ಪ್ರತಿನಿಧಿಯಿಲ್ಲ. ಅಲ್ಲಿನ ವಾದದ ಸೂಕ್ಷ್ಮವೆಂದರೆ, ನೀವಾರವನ್ನು ಒಪ್ಪುವುದಕ್ಕೆ ಕಾರಣ ಅದು ನೋಟಕ್ಕೆ ಭತ್ತದಂತಿರುವುದಷ್ಟೇ ಆಗಿರದೆ, ಭತ್ತದ ಅವಯವಗಳಲ್ಲಿ ಹಲವು ಅದರಲ್ಲಿಯೂ ಇರುವುದು. ಆದ್ದರಿಂದ ಪ್ರತಿನಿಧಿಯು ಮೂಲದ್ರವ್ಯದ ಉಳಿದ ಭಾಗವನ್ನೇ ಹೊತ್ತು ತಂದಂತೆ.

ಹೋಳಿಗೆಯನ್ನು ಯಾವ ಶ್ರುತಿಯೂ ವಿಧಿಸಿಲ್ಲ, ಅದು ದೇಶಾಚಾರದಿಂದ ಬಂದದ್ದು. ಬೆಲ್ಲವು ಅಂಗಡಿಯಲ್ಲಿ ದೊರೆಯದ ವಸ್ತುವೂ ಅಲ್ಲ. ಆದುದರಿಂದ ಮೀಮಾಂಸೆಯ ನಿಯಮವನ್ನು ಇಲ್ಲಿಗೆ ನೇರವಾಗಿ ತಂದು ಹಚ್ಚಲಾಗದು. ಆದರೂ ಅದರ ವಿಚಾರಕ್ರಮವನ್ನು ಹಿಡಿದು ನೋಡಿದರೆ ಎರಡು ಬಗೆಯ ಹಗುರಗೊಳಿಸುವಿಕೆಗಳ ನಡುವಿನ ಭೇದ ತಾನಾಗಿ ತೋರುತ್ತದೆ. ಬೆಲ್ಲ ಇಳಿಸಿ ಕಡಲೆಬೇಳೆಯ ಪಾಲು ಹೆಚ್ಚಿಸಿ, ಏಲಕ್ಕಿ ಜಾಯಿಕಾಯಿಗಳಿಂದ ಕಂಪು ತುಂಬಿ, ಕಣಕವನ್ನು ತೆಳ್ಳಗೆ ಮಾಡಿ ಕಿರಿದಾಗಿ ತಟ್ಟಿದ ಹೋಳಿಗೆಯಲ್ಲಿ ಹೋಳಿಗೆಯ ಅವಯವಗಳು ಎಲ್ಲವೂ ಇವೆ, ಅದು ನೀವಾರದಂತೆ. ಕೃತಕ ಸಿಹಿಯನ್ನು ಹಾಕಿ ಮಾಡಿದ ಮಿಠಾಯಿಯು ಹೋಲುವುದು ನಾಲಗೆಗೆ ಮಾತ್ರ. ಅಂಥದನ್ನು ನಿವೇದಿಸಬಾರದೆಂದು ಹೇಳಲು ಆಧಾರವಿಲ್ಲ, ಮಧುಮೇಹಿಗೆ ಅದರಿಂದ ಕೆಲವೊಮ್ಮೆ ಅನುಕೂಲವೂ ಆದೀತು. ಆದರೆ ಸಿಹಿಯ ಹಂಬಲವನ್ನು ಅದು ಇದ್ದಲ್ಲೇ ಉಳಿಸುತ್ತದೆ, ಮೈದಾ ಮತ್ತು ತುಪ್ಪದ ಲೆಕ್ಕವನ್ನೂ ಮರೆಸುತ್ತದೆ. ತೂಕ ಇಳಿಸುವ ಉದ್ದೇಶಕ್ಕೆ ಇಂಥ ಸಿಹಿಕಾರಕಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಸಲಹೆ ನೀಡಿದೆ. ಈಗಾಗಲೇ ಮಧುಮೇಹವಿರುವವರನ್ನು ಮಾತ್ರ ಅದು ಆ ಸಲಹೆಯಿಂದ ಹೊರಗಿಟ್ಟಿದೆ.

ನಿಜವಾಗಿ ನೋಡಿದರೆ ಹಗುರವಾದ ಹಬ್ಬದಡುಗೆಯನ್ನು ಹೊಸದಾಗಿ ಕಂಡುಹಿಡಿಯುವ ಅಗತ್ಯವೇ ಇಲ್ಲ. ಗಣೇಶನ ಹಬ್ಬಕ್ಕೆ ಕರಿದ ಕಡುಬೂ ಉಂಟು, ಹಬೆಯಲ್ಲಿ ಬೆಂದ ಕಡುಬೂ ಉಂಟು. ನಾಗರಪಂಚಮಿಯ ದಿನ ಹಲವು ಮನೆಗಳಲ್ಲಿ ಕರಿಯುವುದೇ ನಿಷಿದ್ಧ, ಕರಾವಳಿಯಲ್ಲಿ ಆ ದಿನ ಅರಿಸಿನ ಎಲೆಯಲ್ಲಿ ಸುತ್ತಿದ ಕಡುಬು ಹಬೆಯಲ್ಲಿ ಬೇಯುತ್ತದೆ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಹಲವು ತರಕಾರಿ, ಕಾಳುಗಳ ಪಲ್ಯವೂ ಆಗುತ್ತವೆ. ಹದಿನಾರನೆಯ ಶತಮಾನದ ಸೋದೆ ಮಠದ ವಾದಿರಾಜರ ಹೆಸರಿನೊಡನೆ ಸೇರಿಕೊಂಡಿರುವ ಹಯಗ್ರೀವವೆಂಬ ನೈವೇದ್ಯದ ಮೂಲ ದ್ರವ್ಯ ಬೇಯಿಸಿದ ಕಡಲೆ. ಕುದುರೆಯ ರೂಪದ ದೇವರು ಬಂದು ಉಣ್ಣುತ್ತಿದ್ದನೆಂಬ ಐತಿಹ್ಯಕ್ಕೆ ಆ ಕಡಲೆಯೇ ಆಧಾರ, ಬೆಲ್ಲ ತುಪ್ಪಗಳು ಅದರ ಜೊತೆಗಾರರು. ಎಲ್ಲಕ್ಕಿಂತ ಬೋಧಪ್ರದವಾದದ್ದು ರಾಮನವಮಿ. ಆ ದಿನದ ಎರಡು ನೈವೇದ್ಯಗಳಲ್ಲಿ ನೆನೆಸಿದ ಹೆಸರುಬೇಳೆ ಮತ್ತು ಸೌತೆಕಾಯಿಯ ಕೋಸಂಬರಿಯು ಮಧುಮೇಹಿಗೆ ಬಹುಮಟ್ಟಿಗೆ ಯಾವ ತಿದ್ದುಪಡಿಯೂ ಇಲ್ಲದೆ ಒಗ್ಗುತ್ತದೆ. ಬೆಲ್ಲವನ್ನು ನೀರಿನಲ್ಲಿ ಕರಗಿಸಿದ ಪಾನಕವು ನಾರಾಗಲಿ ಬೇಳೆಯಾಗಲಿ ತಡೆಯದೆ ನೇರವಾಗಿ ರಕ್ತಕ್ಕೆ ಸೇರುವುದರಿಂದ ಹಬ್ಬದ ಪದಾರ್ಥಗಳಲ್ಲೆಲ್ಲ ಅವರಿಗೆ ಹೆಚ್ಚು ಅಪಾಯದ್ದು. ಕೋಸಂಬರಿಯನ್ನು ಬೊಗಸೆ ತುಂಬ ತೆಗೆದುಕೊಂಡು ಪಾನಕವನ್ನು ಉದ್ಧರಣೆಯಷ್ಟಕ್ಕೆ ನಿಲ್ಲಿಸಿದವರು ರಾಮನಿಗೆ ಏನನ್ನೂ ಕಡಿಮೆ ಮಾಡಿದಂತಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಗುರವಾದ ಆಹಾರವೇ ಸಾತ್ತ್ವಿಕ, ತುಪ್ಪ ಮತ್ತು ಸಿಹಿಗಳು ತಾಮಸ ಎಂಬ ಸಮೀಕರಣ ಇತ್ತೀಚೆಗೆ ಕೇಳಿಬರುತ್ತಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕ ಆಹಾರದ ಲಕ್ಷಣಗಳಲ್ಲಿ ರಸವುಳ್ಳದ್ದನ್ನೂ ಸ್ನಿಗ್ಧವಾದದ್ದನ್ನೂ, ಎಂದರೆ ಜಿಡ್ಡಿನ ಮೃದುತ್ವವಿರುವುದನ್ನೂ, ಸೇರಿಸಿರುವುದರಿಂದ ಆ ಸಮೀಕರಣಕ್ಕೆ ಶಾಸ್ತ್ರದ ಬೆಂಬಲವಿಲ್ಲ. ಗೀತೆಯು ಆರನೆಯ ಅಧ್ಯಾಯದಲ್ಲಿ ಅತಿಯಾಗಿ ಉಣ್ಣುವವನಿಗೂ, ಏನೂ ಉಣ್ಣದವನಿಗೂ ಯೋಗ ದಕ್ಕದೆಂದು ಹೇಳುವಾಗ ಅದರ ಗಮನವಿರುವುದು ಯುಕ್ತತೆಯ, ಎಂದರೆ ಆಯಾ ದೇಹಕ್ಕೆ ಒಪ್ಪುವ ಅಳತೆಯ, ಮೇಲೆ. ತೈತ್ತಿರೀಯವು ಅನ್ನವನ್ನು ನಿಂದಿಸದಿರುವುದನ್ನು ಒಂದು ವ್ರತವೆಂದೇ ವಿಧಿಸಿದೆ. ಎಲೆಯ ಮುಂದೆ ಕುಳಿತು ಹೋಳಿಗೆಯನ್ನು ವಿಷವೆಂದು ಕರೆಯುವ ರೂಢಿಯು ಈ ವ್ರತಕ್ಕೆ ವಿರುದ್ಧವಾದದ್ದು. ಹೋಳಿಗೆ ಮಾಡಿದವರನ್ನೂ ಅದು ನೋಯಿಸುತ್ತದೆ, ತಿನ್ನಬಯಸುವ ರೋಗಿಯ ಮನಸ್ಸಿನಲ್ಲಿ ಅಪರಾಧಭಾವವನ್ನೂ ಬಿತ್ತುತ್ತದೆ.

ಅಳತೆಯನ್ನೇ ತಪಸ್ಸೆಂದು ಗ್ರಹಿಸಿದ ಜೈನಧರ್ಮದ ವಿವೇಚನೆ ಈ ಸಂದರ್ಭದಲ್ಲಿ ಬಹಳ ಬೆಲೆಯುಳ್ಳದ್ದು. ಅದು ಆರು ಬಾಹ್ಯ ತಪಸ್ಸುಗಳಲ್ಲಿ ಅನಶನ, ಎಂದರೆ ಉಪವಾಸ, ಒಂದನ್ನೇ ಎಣಿಸಿ ಸುಮ್ಮನಾಗದೆ, ಹಸಿವಿಗಿಂತ ಕೆಲವು ತುತ್ತು ಕಡಿಮೆ ಉಣ್ಣುವ ಅವಮೌದರ್ಯವನ್ನೂ, ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇಂಥ ರಸಗಳಲ್ಲಿ ಕೆಲವನ್ನು ಬಿಡುವ ರಸಪರಿತ್ಯಾಗವನ್ನೂ ಸೇರಿಸುತ್ತದೆ. ಪಂಕ್ತಿಯಲ್ಲಿ ಕುಳಿತು, ಎಲ್ಲವನ್ನೂ ಎಲೆಯ ಮೇಲೆ ಕಂಡು, ನಾಲ್ಕು ತುತ್ತು ಮೊದಲೇ ಕೈ ತೊಳೆಯುವುದು ಊಟವನ್ನೇ ಬಿಡುವುದಕ್ಕಿಂತ ಕಠಿಣವೆಂಬ ಅನುಭವ ಮಧುಮೇಹಿಗಳಿಗೆ ಹೊಸದೇನಲ್ಲ. ವೀರಶೈವ ಪರಂಪರೆಯಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು, ಪ್ರಸಾದಿಯು ಷಟ್‌ಸ್ಥಲಗಳಲ್ಲಿ ಮೂರನೆಯ ನೆಲೆ. ಅರ್ಪಿತವಾಗುವ ತನಕ ಪದಾರ್ಥವಾಗಿದ್ದುದು ಅರ್ಪಿಸಿದ ಮೇಲೆ ಪ್ರಸಾದವಾಗುವುದರಿಂದ ಅದರ ಒಂದು ಅಗುಳನ್ನೂ ಚೆಲ್ಲಬಾರದು. ಈ ನಿಯಮವನ್ನು ಹೊಟ್ಟೆ ಬಿರಿದರೂ ಮುಗಿಸಬೇಕೆಂಬ ಒತ್ತಾಯವಾಗಿ ಓದಿದವರೂ ಇದ್ದಾರೆ. ಮುಗಿಸಲಾಗುವಷ್ಟನ್ನೇ ನೀಡಿಸಿಕೊಳ್ಳಬೇಕೆಂಬ ಹೊಣೆಯಾಗಿ ಓದುವುದು ಅದರ ಸಹಜವಾದ ಅರ್ಥಕ್ಕೆ ಹತ್ತಿರ.

ಆ ಹೊಣೆಯಲ್ಲಿ ಬಡಿಸುವವರ ಪಾಲೂ ಇದೆ. ಸಂಕೋಚ ಬೇಡ, ಇನ್ನೊಂದು ಹಾಕಿಸಿಕೊಳ್ಳಿ, ಹಬ್ಬದ ದಿನ ಒಂದು ಹೋಳಿಗೆಗೆ ಏನಾಗುತ್ತದೆ ಎಂಬ ಉಪಚಾರದ ಮಾತುಗಳ ಹಿಂದಿರುವ ಪ್ರೀತಿ ನಿಜವಾದದ್ದು. ಅತಿಥಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಹಳೆಯ ಧರ್ಮವೇ ಅದರಲ್ಲಿ ಮಾತಾಡುತ್ತದೆ. ಆದರೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಕೈಯ ಸಂದಿನಿಂದ ತುಪ್ಪ ಸುರಿಯುವಾಗ ಸತ್ಕಾರವು ಅತಿಥಿಯನ್ನು ಮರೆತು ಆತಿಥ್ಯವನ್ನು ಮಾತ್ರ ನೋಡಿಕೊಳ್ಳುತ್ತಿರುತ್ತದೆ. ಅರ್ಧ ಹೋಳಿಗೆಯನ್ನು ಕೇಳಿದವರಿಗೆ ಅರ್ಧವನ್ನೇ, ಅದೇ ಆದರದಿಂದ, ಮತ್ತೊಮ್ಮೆ ಕೇಳದೆ ಬಡಿಸುವುದನ್ನು ಕಲಿತ ಮನೆಯಲ್ಲಿ ರೋಗಿಗೆ ಬೇರೆ ಪಾತ್ರೆಯ ಬೇರೆ ಅಡುಗೆಯೂ ಬೇಕಾಗುವುದಿಲ್ಲ, ಪಂಕ್ತಿಯಲ್ಲಿ ಒಂಟಿಯಾದೆನೆಂಬ ನೋವೂ ಇರುವುದಿಲ್ಲ.

ಹಬ್ಬಗಳ ಇನ್ನೊಂದು ಮುಖವಾದ ಉಪವಾಸದಲ್ಲಿ ಅಪಾಯವು ತಿರುಗುಮುರುಗಾಗಿ ಬರುತ್ತದೆ. ಏಕಾದಶಿಯ ದಿನ ಅನ್ನ ಬಿಟ್ಟು ಅವಲಕ್ಕಿ, ಸಾಬಕ್ಕಿ, ಬಾಳೆಹಣ್ಣುಗಳಿಂದ ಫಲಾಹಾರ ಮಾಡಿದವರ ಸಕ್ಕರೆ ಅನ್ನ ಉಂಡ ದಿನಕ್ಕಿಂತ ಮೇಲೇರಬಹುದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡು ನಿರಾಹಾರವಾಗಿದ್ದವರ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಉಪವಾಸಕ್ಕೆ ಮೊದಲು ಮಾತ್ರೆಯ ಪ್ರಮಾಣವನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳುವುದು ಅಗತ್ಯ. ರಂಜಾನ್ ಉಪವಾಸದಿಂದ ಕುರಾನು ರೋಗಿಗಳಿಗೆ ವಿನಾಯಿತಿ ಕೊಟ್ಟಿರುವಂತೆಯೇ, ವ್ರತಗಳ ವಿಷಯದಲ್ಲಿ ಧರ್ಮಶಾಸ್ತ್ರಕಾರರೂ ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ ಎಂಬ ಎಂಟರಿಂದ ವ್ರತಕ್ಕೆ ಭಂಗ ಬರುವುದಿಲ್ಲವೆಂದು ಎಣಿಸಿಟ್ಟಿದ್ದಾರೆ. ಉಪವಾಸವೆಂದು ಮಾತ್ರೆಯನ್ನು ತಾವಾಗಿಯೇ ಬಿಡುವವರಿಗೆ ಈ ಪಟ್ಟಿಯ ಕೊನೆಯ ಪದವು ನೆನಪಿರಬೇಕು. ವ್ರತದ ನಡುವೆ ಮೈ ಬೆವರಿ, ಕೈ ನಡುಗಿ, ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಾಗ ಕೂಡಲೇ ಕುಡಿಯಬೇಕಾದದ್ದು ಸುಮಾರು 15 ಗ್ರಾಂ, ಎಂದರೆ ಮೂರು ಟೀ ಚಮಚ ಸಕ್ಕರೆಯನ್ನು ಕದಡಿದ ನೀರು. ಆ ಗಳಿಗೆಯಲ್ಲಿ ಸಕ್ಕರೆಯೇ ಔಷಧ, ಅದನ್ನು ಕುಡಿದವರ ಏಕಾದಶಿ ಕೆಡುವುದಿಲ್ಲ.