ಹಿಟ್ಟಿನ ಕೋಳಿಯೂ ಮಕ್ಕಳ ಹುಲಿವೇಷವೂ

ಪಾಠಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ಮಹಾವೀರ ಜಯಂತಿಯ ಸಂಜೆಯ ಕಾರ್ಯಕ್ರಮಗಳಲ್ಲಿ ಪುಟ್ಟ ಮಕ್ಕಳು ಆನೆ, ಸಿಂಹ, ಜಿಂಕೆಗಳಾಗಿ ರಂಗದ ಮೇಲೆ ಬರುವುದು ಪರಿಚಿತವಾದ ನೋಟ. ನಾಲ್ಕೈದು ವರ್ಷದ ಮಗುವಿಗೆ ಕಾಡಿನ ಪ್ರಾಣಿಯನ್ನು ಪರಿಚಯಿಸಲು ಪುಸ್ತಕದ ಚಿತ್ರಕ್ಕಿಂತ ನಡಿಗೆ, ಕುಣಿತ, ಅಭಿನಯಗಳೇ ಸಹಜವಾದ ದಾರಿ ಎಂಬುದನ್ನು ಶಿಶುಶಿಕ್ಷಣದ ಅನುಭವವುಳ್ಳವರೆಲ್ಲ ಬಲ್ಲರು. ಆದರೆ ಇಲ್ಲಿ ಒಂದು ಧರ್ಮಸೂಕ್ಷ್ಮವೂ ಅಡಗಿದೆ. ಹುಲಿಯಾದ ಮಗು ಜಿಂಕೆಯಾದ ಮಗುವಿನ ಮೇಲೆ ಎರಗುತ್ತದೆ. ಬೇಡನಾದ ಮಗು ಬಿದಿರಿನ ಬಾಣ ಬಿಡುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿದ ಸಮಾಜಕ್ಕೆ ಈ ಚಪ್ಪಾಳೆ ಸಲ್ಲತಕ್ಕದ್ದೇ? ಬರಿಯ ಆಟವೆಂದು ಸುಮ್ಮನಿರಬಹುದೇ?

ಬರಿಯ ಆಟವೆಂಬ ಸಮಾಧಾನವನ್ನು ಕನ್ನಡದ ಜೈನ ಪರಂಪರೆ ಸುಲಭವಾಗಿ ಒಪ್ಪುವುದಿಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ತಿರುಳೇ ಒಂದು ಅಣಕು ವಧೆ. ರಾಜಮಾತೆ ಚಂದ್ರಮತಿ ಮಗನ ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಹಟ ಹಿಡಿಯುತ್ತಾಳೆ. ಯಶೋಧರನು ಜೀವವಧೆಗೆ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಡುತ್ತಾನೆ. ಕಡಿದದ್ದು ಹಿಟ್ಟನ್ನಾದರೂ ಮನಸ್ಸಿನಲ್ಲಿ ಕೊಂದದ್ದು ಕೋಳಿಯನ್ನು. ಆ ಸಂಕಲ್ಪಹಿಂಸೆಯೇ ತಾಯಿಮಕ್ಕಳನ್ನು ಜನ್ಮಜನ್ಮಾಂತರಗಳಿಗೆ ಎಳೆಯುತ್ತದೆ.

ಈ ಕಥೆಯನ್ನು ಮುಂದಿಟ್ಟು, ಮಕ್ಕಳಿಗೆ ಹುಲಿವೇಷವನ್ನೇ ಹಾಕಿಸಬಾರದು ಎನ್ನುವ ಹಿರಿಯರೂ ಇದ್ದಾರೆ. ಅವರ ಕಳವಳವನ್ನು ಹಗುರವಾಗಿ ಕಾಣಬಾರದು. ಆದರೂ ಎರಡು ಸಂದರ್ಭಗಳಿಗೆ ಇರುವ ಅಂತರವನ್ನು ಗಮನಿಸಬೇಕು. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯಿಂದ ಪ್ರಾಣಕ್ಕೆ ಹಾನಿ ತರುವುದೇ ಹಿಂಸೆ ಎಂಬುದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕೊಟ್ಟ ಲಕ್ಷಣ. ಯಶೋಧರನ ಕೃತ್ಯದ ಹಿಂದೆ ಬಲಿಯಿಂದ ಫಲ ಪಡೆಯುವ ಉದ್ದೇಶವಿತ್ತು. ಹಿಟ್ಟಿನ ಕೋಳಿ ನಿಜವಾದ ಕೋಳಿಯ ಸ್ಥಾನದಲ್ಲಿ ನಿಂತಿತ್ತು. ಹುಲಿಯಾಗಿ ಗರ್ಜಿಸುವ ಮಗುವಿಗೆ ಅಂಥ ಉದ್ದೇಶವಿಲ್ಲ. ಆದ್ದರಿಂದ ವೇಷವು ತಾನಾಗಿ ದೋಷವಲ್ಲ. ವೇಷದೊಳಗೆ ಯಾವ ಭಾವವನ್ನು ಬೆಳೆಸುತ್ತೇವೆ ಎಂಬುದರಲ್ಲಿ ಗುಣದೋಷಗಳಿವೆ. ಕೊಲ್ಲುವ ಕ್ಷಣವನ್ನೇ ಆಟದ ಶಿಖರವಾಗಿಸಿ, ಅದಕ್ಕೆ ನಗೆ ಚಪ್ಪಾಳೆಗಳ ಬಹುಮಾನ ಕೊಟ್ಟರೆ, ಮಗುವಿನಲ್ಲಿ ಇಲ್ಲದಿದ್ದ ಭಾವವನ್ನು ದೊಡ್ಡವರೇ ಬಿತ್ತಿದಂತಾಗುತ್ತದೆ.

ಯಶೋಧರ ಚರಿತೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಹಿಟ್ಟಿನ ಕೋಳಿಯನ್ನು ಕಡಿದ ರಾಜನೂ ಕಡಿಸಿದ ತಾಯಿಯೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಳಿ ಮೊದಲಾದ ತಿರ್ಯಂಚ ಜನ್ಮಗಳನ್ನು ಹಾದುಬರುತ್ತಾರೆ. ಹೊರಗಿನಿಂದ ಕತ್ತಿ ಎತ್ತಿದವರು ಒಳಗಿನಿಂದ ಕತ್ತಿಯ ಏಟನ್ನು ತಿಳಿಯುತ್ತಾರೆ. ಪ್ರಾಣಿಯ ಮೈಯಲ್ಲಿ ಇದ್ದು ನೋಡದೆ ಪ್ರಾಣಿಯ ನೋವು ಅರ್ಥವಾಗದು ಎಂಬುದು ಕಥೆಯ ಇಂಗಿತ. ರಾಜನು ಕರ್ಮದ ಬಲದಿಂದ ಅನೇಕ ಜನ್ಮಗಳಲ್ಲಿ ಕಲಿತ ಈ ಪಾಠದ ಒಂದು ಹನಿಯನ್ನು ಮಗು ಅರ್ಧ ಗಂಟೆಯ ಆಟದಲ್ಲಿ ತಾನಾಗಿ ಒಲಿದು ಕಲಿಯಬಹುದು. ಭಾವದಿಂದ ಬಂಧವಾಗುವುದು ನಿಜವಾದರೆ, ಭಾವದಿಂದಲೇ ಅನುಕಂಪೆಯ ಮೊಳಕೆ ಒಡೆಯುವುದೂ ನಿಜ.

ಹಾಗಾಗಬೇಕಾದರೆ ಅಭಿನಯವು ಪ್ರಾಣಿಯ ನಿಜವಾದ ಬಾಳಿಗೆ ಹತ್ತಿರವಾಗಿರಬೇಕು. ಆನೆಯ ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ಮರಿಗಳು ದೊಡ್ಡವರ ನಡುವೆ ನಡೆಯುತ್ತವೆ. ಪಾದದ ಅಡಿಯ ಮೆತ್ತೆಯಿಂದಾಗಿ ಅಷ್ಟು ದೊಡ್ಡ ದೇಹ ಸದ್ದಿಲ್ಲದೆ ಸಾಗಬಲ್ಲದು. ನೆಲ ಅದುರುವಂತೆ ಕಾಲು ಬಡಿಯುವುದೇ ಆನೆಯ ನಡಿಗೆ ಎಂದುಕೊಂಡಿದ್ದ ಮಗು, ಒಂದು ತೋಳನ್ನು ಸೊಂಡಿಲಾಗಿಸಿ, ಮುಂದಿನವನ ಹಿಂದೆ ಮೆಲ್ಲನೆ ಹೆಜ್ಜೆಯಿಡುವಾಗ ಬೇರೆಯೇ ಆನೆಯನ್ನು ಅರಿಯುತ್ತದೆ. ಅದೇ ಹಿಂಡು ರಾತ್ರಿ ಹೆದ್ದಾರಿ ದಾಟಬೇಕಾದಾಗ ಏನಾಗುತ್ತದೆಂದು ಆಡಿಸಬಹುದು. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಬಂದುದು ಏಕೆಂದು ಆಗ ಮಗುವಿಗೆ ವಿವರಿಸಬೇಕಾಗುವುದಿಲ್ಲ. ನಮ್ಮ ಕಾಡುಗಳಲ್ಲಿ ಮುಸುವಗಳು ಮರದ ಮೇಲಿಂದ ಉದುರಿಸಿದ ಎಲೆ ಕಾಯಿಗಳನ್ನು ಚುಕ್ಕಿ ಜಿಂಕೆಗಳು ತಿನ್ನುತ್ತವೆ. ಹುಲಿಯನ್ನು ಕಂಡ ಮುಸುವ ಕೂಗಿದರೆ ಜಿಂಕೆಗಳು ಎಚ್ಚರಗೊಳ್ಳುತ್ತವೆ. ಪರಸ್ಪರೋಪಗ್ರಹ ತತ್ತ್ವಕ್ಕೆ ಐದು ವರ್ಷದ ಮಗುವಿಗೂ ತಿಳಿಯುವ ದೃಷ್ಟಾಂತ ಇದಕ್ಕಿಂತ ಬೇಕೇ?

ಹುಲಿಯ ಹಸಿವನ್ನು ಮಾತ್ರ ಮರೆಮಾಡಬಾರದು. ಹುಲಿ ಹುಲ್ಲು ತಿಂದು ಸುಖವಾಗಿತ್ತು ಎಂದು ಹೇಳಿದರೆ ಸತ್ಯವ್ರತಕ್ಕೆ ಲೋಪ. ಹುಲಿ ದುಷ್ಟ, ಕೊಲ್ಲಲ್ಪಡಬೇಕಾದುದು ಎಂದರೆ ಅಹಿಂಸೆಗೆ ಲೋಪ. ಹುಲಿ ಪಾಪಿಯೇ ಎಂದು ಮಗು ಕೇಳಿಯೇ ಕೇಳುತ್ತದೆ. ಹುಲಿಯ ದೇಹಕ್ಕೆ ಬೇರೆ ಆಹಾರವಿಲ್ಲ, ಮನುಷ್ಯನಿಗೆ ಆಯ್ಕೆಯಿದೆ, ಆಯ್ಕೆ ಇದ್ದವರಿಗೆ ಹೊಣೆಯೂ ಹೆಚ್ಚು ಎಂಬ ಉತ್ತರ ಆ ವಯಸ್ಸಿಗೆ ಸಾಕು. ತಿರ್ಯಂಚ ಜೀವಕ್ಕೂ ಕರ್ಮಬಂಧವಿದೆ ಎನ್ನುವ ಶಾಸ್ತ್ರವು ಅದನ್ನು ದ್ವೇಷಿಸಲು ಹೇಳುವುದಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣವು ಮಹಾವೀರ ಸ್ವಾಮಿಯ ಜೀವವೇ ಹಿಂದೊಂದು ಭವದಲ್ಲಿ ಸಿಂಹವಾಗಿತ್ತೆಂದು ಹೇಳುತ್ತದೆ. ಬೇಟೆಯಾಡಿದ ಆ ಸಿಂಹದ ಬಳಿಗೆ ಚಾರಣಮುನಿಗಳು ಬಂದರು. ಆಯುಧ ಹಿಡಿದು ಬರಲಿಲ್ಲ, ಉಪದೇಶ ಹಿಡಿದು ಬಂದರು. ಸಿಂಹದಲ್ಲಿಯೂ ತೀರ್ಥಂಕರನಾಗುವ ಜೀವವನ್ನು ಕಂಡ ಧರ್ಮದ ಮಕ್ಕಳು ರಂಗದ ಮೇಲೆ ಸಿಂಹವನ್ನು ಖಳನಾಗಿ ಕಾಣುವುದು ಹೇಗೆ ಹೊಂದೀತು?

ಇದೇ ವಿಚಾರವನ್ನು ತಿರುಗಿಸಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಮೂಗು ಚುಚ್ಚಿ ಹಗ್ಗ ಪೋಣಿಸಿದ ಕರಡಿಯನ್ನು ಊರೂರು ಕುಣಿಸುತ್ತಿದ್ದ ಕಾಲವೊಂದಿತ್ತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸಿ ಆಡಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕರಡಿಗೆ ಮನುಷ್ಯನ ಕುಣಿತ ಕಲಿಸಲು ನೋವು ಬೇಕಾಯಿತು. ಮಗುವಿಗೆ ಕರಡಿಯ ನಡಿಗೆ ಕಲಿಸಲು ಬೇಕಾದುದು ಗಮನವೊಂದೇ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತದೆಂದು ತಿಳಿದು, ಗೊಂಬೆಯೊಂದನ್ನು ಬೆನ್ನಿಗೇರಿಸಿ ಬೀಳದಂತೆ ನಾಲ್ಕು ಕಾಲಿನಲ್ಲಿ ನಡೆಯಲು ಯತ್ನಿಸುವ ಮಗು ಕರಡಿಯ ಹೆಗ್ಗಳಿಕೆಯನ್ನೂ ಕಷ್ಟವನ್ನೂ ಒಟ್ಟಿಗೆ ಅರಿಯುತ್ತದೆ.

ಬಸದಿಗಳ ಟ್ರಸ್ಟುಗಳು ಇದಕ್ಕೆ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಬಾಡಿಗೆಯ ವೇಷಭೂಷಣವೂ ಬೇಡ, ಮೆರವಣಿಗೆಗೆ ಜೀವಂತ ಪ್ರಾಣಿಯೂ ಬೇಡ. ಪಠ್ಯ ಬಸದಿಯಲ್ಲೇ ಇದೆ: ತೀರ್ಥಂಕರರ ಲಾಂಛನಗಳಲ್ಲಿ ಅಜಿತನಾಥರ ಆನೆ, ಅಭಿನಂದನರ ಕಪಿ, ಶ್ರೇಯಾಂಸರ ಖಡ್ಗಮೃಗ, ವಿಮಲರ ಹಂದಿ, ಶಾಂತಿನಾಥರ ಜಿಂಕೆ, ಮುನಿಸುವ್ರತರ ಆಮೆ, ಪಾರ್ಶ್ವನಾಥರ ಸರ್ಪ, ಮಹಾವೀರರ ಸಿಂಹ. ಸ್ತೋತ್ರದಲ್ಲಿ ಹೆಸರು ಹೇಳಿ ಮುಗಿಸುವ ಬದಲು ವಾರಕ್ಕೊಂದು ಲಾಂಛನದಂತೆ ಆ ಪ್ರಾಣಿ ಹೇಗೆ ನಡೆಯುತ್ತದೆ, ಏನನ್ನು ಹೆದರುತ್ತದೆ, ಮರಿಯನ್ನು ಹೇಗೆ ಸಾಕುತ್ತದೆ ಎಂದು ಆಡಿಸಲಿ. ಸಮವಸರಣದ ಹನ್ನೆರಡು ಸಭೆಗಳಲ್ಲಿ ಒಂದು ಪ್ರಾಣಿಗಳಿಗೆ ಮೀಸಲು ಎಂಬುದನ್ನು ಮಕ್ಕಳು ಅಲ್ಲಿ ತಾವೇ ಕುಳಿತು ತಿಳಿಯಲಿ.

ಪೋಷಕರು ಮಾಡಬೇಕಾದುದು ಅದಕ್ಕಿಂತಲೂ ಕಡಿಮೆ. ಹುಲಿಯಾದ ಮಗು ಎರಗಿದಾಗ ಕೈಗಳನ್ನು ತಡೆದುಕೊಳ್ಳಲಿ. ಜಿಂಕೆಯಾದ ಮಗು ಕಿವಿ ನಿಮಿರಿಸಿ, ಉಸಿರು ಬಿಗಿಹಿಡಿದು ನಿಂತಾಗ ಸಭೆಯೂ ಅದರೊಡನೆ ನಿಶ್ಶಬ್ದವಾಗಲಿ. ಯಾವುದಕ್ಕೆ ಹಿರಿಯರು ಮೆಚ್ಚಿದರು, ಯಾವುದಕ್ಕೆ ಮೌನವಾದರು ಎಂಬುದನ್ನು ಮಕ್ಕಳು ಬಲುಬೇಗ ಕಲಿಯುತ್ತಾರೆ.