ಯಥಾಶಕ್ತಿ: ಶರನ್ನವರಾತ್ರಿಯಲ್ಲಿ ತಾಯಿಯ ದುಡಿಮೆ ಮತ್ತು ಪೂಜೆಯ ಅಧಿಕಾರ

ಆಶ್ವಯುಜ ಶುದ್ಧ ಪಾಡ್ಯದಿಂದ ನವಮಿಯವರೆಗೆ ನಡೆಯುವ ಶರನ್ನವರಾತ್ರಿಯು ಕರ್ನಾಟಕದ ಮನೆಗಳಲ್ಲಿ ದೇವಿಯನ್ನು ತಾಯಿಯೆಂದು ಕರೆದು ಪೂಜಿಸುವ ಕಾಲ. ಆ ಮನೆಗಳ ತಾಯಂದಿರಿಗೆ ಉಸಿರಾಡಲೂ ಪುರಸೊತ್ತಿಲ್ಲದ ಕಾಲವೂ ಅದೇ. ಈ ಎರಡು ಸಂಗತಿಗಳು ಒಂದೇ ಸೂರಿನಡಿ ನಡೆಯುತ್ತಿದ್ದರೂ ಅವುಗಳಿಗೆ ಪರಸ್ಪರ ಏನು ಸಂಬಂಧ ಎಂಬುದನ್ನು ಸಂಪ್ರದಾಯ ಬಿಡಿಸಿ ಹೇಳುವುದಿಲ್ಲ. ಹೂವು ಕಟ್ಟಿ, ಕಾಳು ನೆನೆಹಾಕಿ, ರಜೆಯ ಮಕ್ಕಳನ್ನು ಸಂಭಾಳಿಸಿ, ಬಂದವರಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸುವ ಹೆಂಗಸು ಮಾಡುತ್ತಿರುವುದು ಪೂಜೆಯೇ, ಬೇರೊಬ್ಬರ ಪೂಜೆಗೆ ಬೇಕಾದ ಏರ್ಪಾಟೇ, ಅಥವಾ ಇವೆರಡೂ ಅಲ್ಲದೆ ಬರಿಯ ಸಂಸಾರದ ಮೋಹವೇ ಎಂದು ಕೇಳಿದರೆ, ಈ ಮೂರಕ್ಕೂ ‘ಹೌದು’ ಎನ್ನುವ ಗ್ರಂಥಗಳು ನಮ್ಮಲ್ಲಿವೆ.

ಮೋಹ ಎಂಬ ಉತ್ತರ ಬರುವುದು ನವರಾತ್ರಿಯಲ್ಲೇ ಪಾರಾಯಣಗೊಳ್ಳುವ ಗ್ರಂಥದಲ್ಲಿ ಎಂಬುದು ಗಮನಾರ್ಹ. ಮಾರ್ಕಂಡೇಯ ಪುರಾಣದೊಳಗಿನ 13 ಅಧ್ಯಾಯಗಳ ದೇವೀಮಾಹಾತ್ಮ್ಯವು, ಅಂದರೆ ಸಪ್ತಶತಿಯು, ಸಂಸ್ಕೃತ ಬಲ್ಲವರ ಮನೆಗಳಲ್ಲಿ ಮೂಲರೂಪದಲ್ಲಿಯೂ ಉತ್ತರ ಕರ್ನಾಟಕದ ಊರುಗಳಲ್ಲಿ ಚಿದಾನಂದಾವಧೂತರ ಷಟ್ಪದಿಯ ದೇವಿ ಪುರಾಣದ ರೂಪದಲ್ಲಿಯೂ ಓದಲ್ಪಡುತ್ತದೆ. ಕೇಳುವವರ ಮನಸ್ಸು ಮಹಿಷನ ವಧೆಯ ಕಡೆಗೇ ಓಡುವುದರಿಂದ ಕಥೆಯ ಚೌಕಟ್ಟು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ರಾಜ್ಯ ಕಳೆದುಕೊಂಡ ಸುರಥನೆಂಬ ಅರಸ ಮತ್ತು ಹಣದಾಸೆಗೆ ಬಿದ್ದ ಹೆಂಡತಿ ಮಕ್ಕಳೇ ಮನೆಯಿಂದ ಹೊರದಬ್ಬಿದ ಸಮಾಧಿಯೆಂಬ ವೈಶ್ಯ ಕಾಡಿನಲ್ಲಿ ಮೇಧಸ ಋಷಿಯ ಆಶ್ರಮಕ್ಕೆ ಬರುತ್ತಾರೆ. ತಮ್ಮನ್ನು ಬಿಟ್ಟವರ ಯೋಗಕ್ಷೇಮದ ಚಿಂತೆ ತಮ್ಮನ್ನೇಕೆ ಬಿಡುತ್ತಿಲ್ಲ ಎಂಬುದು ಅವರ ಪ್ರಶ್ನೆ. ಋಷಿ ಉತ್ತರಕ್ಕೆ ಹಕ್ಕಿಗಳ ನಿದರ್ಶನ ಕೊಡುತ್ತಾನೆ: ಸ್ವತಃ ಹಸಿದಿದ್ದರೂ ಹಕ್ಕಿ ಮರಿಯ ಕೊಕ್ಕಿಗೆ ಕಾಳಿಡುತ್ತದೆ, ಮನುಷ್ಯರೂ ಮಕ್ಕಳಿಗೆ ಹಾಗೆಯೇ ಮಾಡುತ್ತಾರೆ, ಮುಂದೆ ತಮಗೆ ಪ್ರತಿಫಲ ದೊರೆತೀತೆಂಬ ಆಸೆ ಮಾತ್ರ ಹೆಚ್ಚಿನದು, ಇದೆಲ್ಲ ಮಹಾಮಾಯೆಯ ಕೆಲಸ. ಮಕ್ಕಳಿಗೆ ಉಣಿಸುವ ಕೆಲಸವನ್ನು ಇಷ್ಟು ನಿಷ್ಠುರವಾಗಿ ಮೋಹವೆಂದು ಕರೆದ ಮಾತು ತಾಯ್ತನದ ಹೊಗಳಿಕೆಯಿಂದ ತುಂಬಿದ ಪುರಾಣಸಾಹಿತ್ಯದಲ್ಲಿ ಅಪರೂಪ.

ಆದರೆ ಗ್ರಂಥ ಅಲ್ಲಿಗೆ ನಿಲ್ಲುವುದಿಲ್ಲ. ಐದನೆಯ ಅಧ್ಯಾಯದಲ್ಲಿ ದೇವತೆಗಳು ಮಾಡುವ ಸ್ತುತಿಯು ದೇವಿಯನ್ನು ಎಲ್ಲ ಜೀವಿಗಳಲ್ಲಿ ನೆಲೆಸಿರುವ ಹಲವು ರೂಪಗಳಾಗಿ ಎಣಿಸುವಾಗ ಬುದ್ಧಿ, ಶಕ್ತಿ, ಶ್ರದ್ಧೆ, ದಯೆಗಳ ಸಾಲಿನಲ್ಲೇ ನಿದ್ರೆ, ಹಸಿವೆ, ಬಾಯಾರಿಕೆಗಳನ್ನೂ ಇರಿಸುತ್ತದೆ. ಕೊನೆಯ ಭಾಗದಲ್ಲಿ ತಾಯಿಯ ರೂಪ ಬರುತ್ತದೆ, ಅದರ ಬೆನ್ನಿಗೇ ಭ್ರಾಂತಿಯ ರೂಪ. ಮೇಧಸನು ಮೋಹವೆಂದದ್ದೇ ಇಲ್ಲಿ ದೇವಿಯ ಇನ್ನೊಂದು ಇರವಾಗುತ್ತದೆ. ಹೀಗಿರುವಾಗ ಹಸಿವನ್ನು ದೇವಿಯೆಂದು ಪಠಿಸುವ ಮನೆಯಲ್ಲಿ ಬೆಳಗಿನಿಂದ ಉಪವಾಸವಿದ್ದು ನೈವೇದ್ಯಕ್ಕೆ ಬೇಯಿಸುವವಳ ಹಸಿವು, ನಿದ್ರೆಯನ್ನು ದೇವಿಯೆಂದು ನಮಿಸುವ ಮನೆಯಲ್ಲಿ ನಾಲ್ಕು ಗಂಟೆಗೆ ಏಳುವವಳ ನಿದ್ರೆ, ಯಾವ ಲೆಕ್ಕಕ್ಕೆ ಸೇರಬೇಕು ಎಂಬುದು ಹೊರಗಿನವರು ತಂದು ಹೇರಿದ ಪ್ರಶ್ನೆಯಲ್ಲ, ಸ್ತುತಿಯೇ ಎತ್ತುವ ಪ್ರಶ್ನೆ.

ಆ ದಿನಗಳ ಕೆಲಸದ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆಯ ಮೈಸೂರಿನ ಭಾಗದಲ್ಲಿ ಬೊಂಬೆ ಕೂರಿಸುವ ಮನೆಯಲ್ಲಿ ಪಾಡ್ಯಕ್ಕೆ ಮೊದಲೇ ಅಟ್ಟದ ಟ್ರಂಕು ಕೆಳಗಿಳಿಯಬೇಕು. ಹಳೆಯ ವರ್ತಮಾನಪತ್ರಿಕೆಯಲ್ಲಿ ಸುತ್ತಿಟ್ಟ ಬೊಂಬೆಗಳನ್ನು ಬಿಚ್ಚಿ ಒರೆಸಿ, ಕತ್ತು ಮುರಿದ ಚೆಟ್ಟಿಯಾರ್ ಬೊಂಬೆಗೆ ಫೆವಿಕಾಲ್ ಹಚ್ಚಿ, ಬೆಸ ಸಂಖ್ಯೆಯ ಮೆಟ್ಟಿಲುಗಳಿಗೆ ಬಿಳಿಯ ಬಟ್ಟೆ ಹಾಸಿ, ತವರಿನಿಂದ ಬಂದ ಮರದ ಪಟ್ಟದ ಬೊಂಬೆಗಳಿಗೆ ಸೀರೆ ಪಂಚೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಬೇಕು. ನಾಳೆಯ ಉಸಲಿಗೆ ಇಂದು ರಾತ್ರಿಯೇ ಕಡಲೆಕಾಳು ನೆನೆಯಬೇಕು. ಉತ್ತರ ಕರ್ನಾಟಕದಲ್ಲಿ ಘಟ್ಟ ಹಾಕುವ, ಅಂದರೆ ಘಟಸ್ಥಾಪನೆ ಮಾಡುವ, ಮನೆಗಳಲ್ಲಿ ನಂದಾದೀಪ ಒಂಬತ್ತು ದಿನವೂ ಆರಬಾರದಾದ್ದರಿಂದ ನಡುರಾತ್ರಿ ಎದ್ದು ಎಣ್ಣೆ ಹಾಕಿ ಬತ್ತಿ ಸರಿಪಡಿಸುವವರು ಒಬ್ಬರು ಬೇಕು, ನಸುಕಿನಲ್ಲಿ ಬನ್ನಿಗಿಡ ಸುತ್ತಲು ಹೋಗುವವರೂ ಬಹುಪಾಲು ಅವರೇ. ಶಾಲೆಗೆ ದಸರಾ ರಜೆ ಬಂದಿರುತ್ತದೆ, ಕಚೇರಿಗೆ ಮತ್ತು ಗಾರ್ಮೆಂಟ್ಸ್ ಕಾರ್ಖಾನೆಗೆ ಆಯುಧಪೂಜೆ, ವಿಜಯದಶಮಿ ಬಿಟ್ಟರೆ ರಜೆಯಿಲ್ಲ. ಶಾಲೆಯ ಬಿಸಿಯೂಟ ನಿಂತಿರುವುದರಿಂದ ಮಧ್ಯಾಹ್ನದ ಊಟವೂ ಮನೆಯ ಮೇಲೇ ಬೀಳುತ್ತದೆ. ಇದರ ಜೊತೆಗೆ, ಹಬ್ಬದ ಹೊತ್ತಿಗೆ ‘ದೂರ’ವಾಗಬಾರದೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗುವ ಹೆಂಗಸರಿದ್ದಾರೆ; ದೇಹದ ಧರ್ಮಗಳನ್ನೇ ದೇವಿಯೆಂದು ಕರೆಯುವ ಸ್ತುತಿಯ ಪಕ್ಕದಲ್ಲಿ ಈ ಮಾತ್ರೆಯ ಹಾಳೆಯನ್ನಿಟ್ಟು ನೋಡಿದವರು ಕಡಿಮೆ.

ಹಬ್ಬವಿಲ್ಲದ ದಿನಗಳಲ್ಲೂ ಸ್ಥಿತಿ ತೀರ ಬೇರೆಯಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯಬಳಕೆ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ತೊಡಗಿದ್ದ ಗಂಡಸರು 97 ನಿಮಿಷ. ಆ ಗಂಡಸರಾದರೂ ನಾಲ್ವರಲ್ಲಿ ಒಬ್ಬರಷ್ಟು ಮಾತ್ರ.

ಧರ್ಮಶಾಸ್ತ್ರವು ಈ ಕೆಲಸವನ್ನು ಕಾಣದೆ ಹೋಗಿರಲಿಲ್ಲ, ಕಂಡ ಬಗೆ ಮಾತ್ರ ವಿಚಿತ್ರವಾದುದು. ಗೃಹಸ್ಥನ ಮನೆಯಲ್ಲಿ ಐದು ‘ಸೂನೆ’ಗಳಿವೆ, ಅಂದರೆ ಅರಿವಿಲ್ಲದೆ ಜೀವಹಿಂಸೆ ನಡೆಯುವ ತಾಣಗಳಿವೆ ಎಂದು ಮನುಸ್ಮೃತಿ ಮೂರನೆಯ ಅಧ್ಯಾಯದಲ್ಲಿ ಹೇಳುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಈ ದೋಷದ ಪರಿಹಾರಕ್ಕೆ ವಿಧಿಸಿದ್ದು ಪಂಚಮಹಾಯಜ್ಞಗಳನ್ನು, ಅಂದರೆ ವೇದಾಧ್ಯಯನ, ಪಿತೃತರ್ಪಣ, ಹೋಮ, ಬಲಿ, ಅತಿಥಿಸತ್ಕಾರಗಳನ್ನು. ದೋಷ ಹುಟ್ಟುವ ಐದೂ ಸಾಧನಗಳು ಹೆಂಗಸಿನ ಕೈಯವು, ಅದನ್ನು ಕಳೆಯುವ ಯಜ್ಞಗಳ ಕರ್ತೃ ಗಂಡಸು. ಆ ಅತಿಥಿಗೆ ಬಡಿಸುವ ಅನ್ನ ಮತ್ತೆ ಅದೇ ಒಲೆಯಿಂದಲೇ ಬರಬೇಕೆಂಬುದನ್ನು ಸ್ಮೃತಿಕಾರ ಗಮನಿಸಿದಂತೆ ಕಾಣುವುದಿಲ್ಲ.

ಪೂರ್ವಮೀಮಾಂಸಕರು, ಅಂದರೆ ವೇದದ ವಿಧಿವಾಕ್ಯಗಳನ್ನು ಅರ್ಥೈಸುವುದನ್ನೇ ಶಾಸ್ತ್ರವಾಗಿ ಬೆಳೆಸಿದವರು, ಇನ್ನಷ್ಟು ಸೂಕ್ಷ್ಮವಾಗಿ ಯೋಚಿಸಿದರು. ಅವರ ಎಣಿಕೆಯಲ್ಲಿ ಕರ್ಮಗಳು ಎರಡು ಬಗೆ: ತಾನೇ ಫಲ ಕೊಡುವುದು ಪ್ರಧಾನ, ಇನ್ನೊಂದಕ್ಕಾಗಿ ನಡೆಯುವುದು ಅಂಗ ಅಥವಾ ಶೇಷ. ಅಕ್ಕಿ ಕುಟ್ಟುವುದು ಅಂಗ, ಆಹುತಿ ಪ್ರಧಾನ. ಈ ಅಳತೆಯಿಂದ ನೋಡಿದರೆ ಅಡುಗೆಮನೆಯ ಕೆಲಸವೆಲ್ಲ ಅಂಗದ ಕಡೆಗೇ ಬೀಳುತ್ತದೆ. ಆದರೆ ಕೆಲಸ ಅಂಗವಾದ ಮಾತ್ರಕ್ಕೆ ಕೆಲಸ ಮಾಡುವವಳೂ ಅಂಗವಾಗುತ್ತಾಳೆಯೇ ಎಂಬ ಪ್ರಶ್ನೆಯನ್ನು ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಬೇರೆಯಾಗಿಯೇ ಎದುರಿಸುತ್ತದೆ. ಅಲ್ಲಿನ ವಿಷಯ ‘ಅಧಿಕಾರ’, ಅಂದರೆ ಕರ್ಮವನ್ನು ಮಾಡುವ ಅರ್ಹತೆ ಮತ್ತು ಅದರ ಫಲಕ್ಕೆ ಒಡೆತನ ಎರಡೂ ಸೇರಿದ ಹಕ್ಕು. ವಿಧಿವಾಕ್ಯ ಪುಲ್ಲಿಂಗದಲ್ಲಿರುವುದರಿಂದ ಗಂಡಸಿಗೆ ಮಾತ್ರ ಅಧಿಕಾರವೆಂದು ಐತಿಶಾಯನನ ವಾದ. ಅಲ್ಲಿ ಹೇಳಿದ್ದು ಜಾತಿಯನ್ನು, ಅಂದರೆ ಸಾಮಾನ್ಯ ವರ್ಗವನ್ನು, ಲಿಂಗವನ್ನಲ್ಲ ಎಂದು ಬಾದರಾಯಣನ ಪ್ರತಿವಾದ, ಸಿದ್ಧಾಂತವೂ ಅದೇ. ಹೆಣ್ಣು ಮದುವೆಯಲ್ಲಿ ಕೊಳ್ಳಲ್ಪಟ್ಟವಳು, ಆದ್ದರಿಂದ ಅವಳಿಗೆ ಸ್ವಂತ ಧನವಿಲ್ಲ, ಧನವಿಲ್ಲದವಳಿಗೆ ಯಾಗವಿಲ್ಲ ಎಂಬ ಆಕ್ಷೇಪಕ್ಕೆ ಕೊಟ್ಟ ಉತ್ತರ ಇನ್ನೂ ದಿಟ್ಟವಾದುದು: ಫಲದ ಬಯಕೆ ಇಬ್ಬರಲ್ಲೂ ಒಂದೇ, ಮದುವೆ ಕ್ರಯವಲ್ಲ, ಧನದಲ್ಲಿ ಅವಳಿಗೂ ಒಡೆತನವಿದೆ. ಹೀಗೆ ದಂಪತಿಗಳಿಬ್ಬರೂ ಯಾಗದ ಯಜಮಾನರಾಗುತ್ತಾರೆ. ಇಷ್ಟು ಕೊಟ್ಟ ಶಾಸ್ತ್ರ ಮುಂದಿನ ಕೆಲವು ಸೂತ್ರಗಳಲ್ಲಿಯೇ ಅರ್ಧವನ್ನು ಹಿಂತೆಗೆದುಕೊಳ್ಳುತ್ತದೆ. ವೇದ ಕಲಿಯದವಳಾದ್ದರಿಂದ ಅವಳು ಮಾಡಬೇಕಾದ್ದು ವಚನದಲ್ಲಿ ಹೇಳಿದಷ್ಟು ಮಾತ್ರ. ದರ್ಶಪೂರ್ಣಮಾಸ ಯಾಗದಲ್ಲಿ ಪತ್ನಿ ನಡುವಿಗೆ ಹುಲ್ಲಿನ ಹಗ್ಗ ಕಟ್ಟಿಕೊಂಡು ಕುಳಿತು ತುಪ್ಪವನ್ನು ದಿಟ್ಟಿಸಿ ನೋಡುತ್ತಾಳೆ. ಅವಳು ನೋಡದ ತುಪ್ಪ ಸಂಸ್ಕಾರಗೊಂಡ ಆಜ್ಯವಾಗದು. ನೋಟವೊಂದಕ್ಕೆ ಇಷ್ಟು ಸ್ಥಾನ ಕೊಟ್ಟವರು ತುಪ್ಪ ಕಾಯಿಸಿದ ಕೈಗೆ ಏನು ಸ್ಥಾನವೆಂದು ಕೇಳಿಕೊಳ್ಳಲಿಲ್ಲ.

ಹಾಗಾದರೆ ಕೆಲಸವೇ ಪೂಜೆಯೆನ್ನುವ ಮೂರನೆಯ ಉತ್ತರ ಸಾಕಲ್ಲವೇ ಎನಿಸಬಹುದು, ಏಕೆಂದರೆ ಅದು ಬಹುಜನಪ್ರಿಯವೂ ಗೀತೆಯ ಬೆಂಬಲವುಳ್ಳದ್ದೂ ಆಗಿದೆ. ತಮಗಾಗಿ ಮಾತ್ರ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆಂದು ಗೀತೆಯ ಮೂರನೆಯ ಅಧ್ಯಾಯ ಹೇಳಿದರೆ, ಮಾಡಿದ್ದು, ಉಂಡದ್ದು, ಕೊಟ್ಟದ್ದು ಎಲ್ಲವನ್ನೂ ತನಗೆ ಅರ್ಪಿಸೆಂದು ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುತ್ತಾನೆ. ಮಹಾಭಾರತದ ವನಪರ್ವದಲ್ಲಿ ಕೊಕ್ಕರೆಯನ್ನು ಸುಟ್ಟ ಕೌಶಿಕನನ್ನು ಬಾಗಿಲಲ್ಲಿ ಕಾಯಿಸಿ, ತಾನು ಕೊಕ್ಕರೆಯಲ್ಲವೆಂದು ತಿಳಿಸಿ, ಮಿಥಿಲೆಯ ಮಾಂಸ ಮಾರುವ ಧರ್ಮವ್ಯಾಧನ ಬಳಿಗೆ ಕಳಿಸಿದವಳು ಯಾವ ತಪಸ್ಸನ್ನೂ ಮಾಡಿರದ ಒಬ್ಬ ಗೃಹಿಣಿ. ಈ ವಿಚಾರದ ಬಲವನ್ನು ಕಡೆಗಣಿಸಲಾಗದು, ಏಕೆಂದರೆ ಕೆಲಸಕ್ಕೆ ಒಳಗಿನಿಂದ ಒಂದು ಅರ್ಥವಿರಬಲ್ಲದೆಂದು ಅದು ತೋರಿಸುತ್ತದೆ, ಬೊಂಬೆ ಕೂರಿಸುವ ತಾಯಂದಿರಲ್ಲಿ ಎಷ್ಟೋ ಮಂದಿ ಅದನ್ನು ನಿಜವಾದ ಸಂತೋಷದಿಂದಲೇ ಮಾಡುತ್ತಾರೆ. ತೊಡಕಿರುವುದು ಬೇರೆಡೆ. ಅರ್ಪಣೆಯು ಮಾಡುವವರ ಸಂಕಲ್ಪದಿಂದ ಆಗತಕ್ಕದ್ದು. ನಿನ್ನ ಕೆಲಸವೇ ಪೂಜೆಯಮ್ಮ ಎಂದು ಸೋಫಾದ ಮೇಲೆ ಕುಳಿತವರು ಹೇಳಿದಾಗ ಅರ್ಪಿಸಲ್ಪಡುವುದು ಅವರದಲ್ಲದ ಶ್ರಮ. ಗೀತೆಯ ಮಾತನ್ನು ಉತ್ತಮ ಪುರುಷದಿಂದ ಮಧ್ಯಮ ಪುರುಷಕ್ಕೆ ಹೀಗೆ ಸಾಗಿಸಿದೊಡನೆ ಅದು ಉಪದೇಶದ ವೇಷದ ಆಜ್ಞೆಯಾಗುತ್ತದೆ.

ಹತ್ತು ಕೈಗಳಲ್ಲಿ ಸೌಟು, ಲ್ಯಾಪ್‌ಟಾಪ್, ಮಗು, ಪೊರಕೆ ಹಿಡಿದ ತಾಯಿಯ ಚಿತ್ರವು ಪ್ರತಿ ನವರಾತ್ರಿಗೂ ಮೊಬೈಲಿನಲ್ಲಿ ಹರಿದಾಡುವುದು ಇದೇ ಮನೋಭಾವದಿಂದ. ಆ ಚಿತ್ರ ಬರೆದವರು ಮಾಹಾತ್ಮ್ಯದ ಎರಡನೆಯ ಅಧ್ಯಾಯವನ್ನು ಓದಿರಲಾರರು. ಅಲ್ಲಿ ದೇವಿಯ ಕೈಗಳು ಬರಿದಾಗಿಲ್ಲ, ಅವಳೊಬ್ಬಳೇ ಹೊಂದಿಸಿಕೊಂಡವೂ ಅಲ್ಲ: ಶಿವ ಶೂಲ ಕೊಡುತ್ತಾನೆ, ವಿಷ್ಣು ಚಕ್ರ, ಇಂದ್ರ ವಜ್ರ, ಹಿಮವಂತ ಸಿಂಹವಾಹನ, ಪ್ರತಿಯೊಬ್ಬರೂ ತಮ್ಮ ಕೈಯಲ್ಲಿದ್ದುದರಿಂದ ಏನಾದರೂ ತೆಗೆದುಕೊಟ್ಟ ಮೇಲೆಯೇ ಯುದ್ಧ ಆರಂಭವಾಗುತ್ತದೆ. ಮುಂದೆ ಶುಂಭನೆಂಬ ಅಸುರನ ಸೈನ್ಯ ಮುತ್ತಿದಾಗ ಬ್ರಾಹ್ಮಿ, ಮಾಹೇಶ್ವರಿ ಮೊದಲಾದ ಮಾತೃಕೆಯರು ನೆರವಿಗೆ ಬರುತ್ತಾರೆ. ಐಹೊಳೆಯ ರಾವಣಫಡಿ ಗುಹೆಯಲ್ಲಿ ನರ್ತಿಸುವ ಶಿವನೊಡನೆ ಕೆತ್ತಲ್ಪಟ್ಟ ಸಪ್ತಮಾತೃಕೆಯರನ್ನು ಕಂಡವರಿಗೆ ಈ ಗುಂಪಿನ ಲವಲವಿಕೆ ತಿಳಿದಿರುತ್ತದೆ. ಇತರರ ಬಲದಿಂದ ಹೋರಾಡುತ್ತಿರುವೆಯೆಂದು ಶುಂಭ ಮೂದಲಿಸುತ್ತಾನೆ. ಜಗತ್ತಿನಲ್ಲಿ ತಾನೊಬ್ಬಳೇ, ಇವರೆಲ್ಲ ತನ್ನವೇ ವಿಭೂತಿಗಳೆಂದು ದೇವಿ ಉತ್ತರಿಸುತ್ತಾಳೆ. ಅದ್ವೈತದ ಆ ಉತ್ತರ ಪರಾಶಕ್ತಿಗೆ ಒಪ್ಪುತ್ತದೆ. ಅದನ್ನು ಹಾಗೆಯೇ ಎತ್ತಿ ಕುಟುಂಬದ ತಾಯಿಗೆ ಅನ್ವಯಿಸಿ, ಅವಳಿಗೆ ನೆರವು ಬೇಡವೆನ್ನುವುದು ಶುಂಭನ ಪಕ್ಷ ವಹಿಸಿದಂತೆ.

ಕನ್ನಡದ ಚಿಂತನೆಯಲ್ಲಿ ಈ ಪ್ರಶ್ನೆಯ ಹೃದಯಕ್ಕೆ ಹೆಚ್ಚು ಹತ್ತಿರ ಬಂದವಳು 12ನೆಯ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಕಾಯಕವೆಂದರೆ ಶರಣರಲ್ಲಿ ಜೀವನೋಪಾಯವೂ ಪೂಜೆಯೂ ಒಂದೇ ಆಗಿರುವ ದುಡಿಮೆ; ಅವಳ ಗಂಡ ಮಾರಯ್ಯನದು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಬೇಯಿಸಲೊಲ್ಲದೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಹೇಳಿ ಕಳಿಸುತ್ತಾಳೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹದ ಪಾಠವಾಗಿ ಓದಲಾಗುತ್ತದೆ. ಆದರೆ ಇಲ್ಲಿ ಎಷ್ಟು ಸಾಕು ಎಂದು ತೀರ್ಮಾನಿಸಿದವಳು ಬೇಯಿಸುವವಳು, ಆ ತೀರ್ಮಾನಕ್ಕೆ ಬಾಗಿ ಹಿಂದಿರುಗಿ ನಡೆದವನು ಗಂಡ ಎಂಬುದೂ ಅಷ್ಟೇ ಮುಖ್ಯ. ದುಡಿಮೆಯು ಪೂಜೆಯಾಗುವುದಕ್ಕೆ ಶ್ರದ್ಧೆಯೊಂದೇ ಸಾಲದು, ಅದರ ಅಳತೆಯ ಮೇಲೆ ದುಡಿಯುವವರ ಮಾತು ನಡೆಯಬೇಕು ಎಂಬ ನಿಲುವು ಈ ಪ್ರಸಂಗದಲ್ಲಿ ಅಡಗಿದೆ. ಮೀಮಾಂಸಕರು ಫಲದಲ್ಲಿ ಕೊಟ್ಟ ಒಡೆತನವನ್ನು ಲಕ್ಕಮ್ಮ ಕರ್ಮದ ಪರಿಮಾಣಕ್ಕೂ ವಿಸ್ತರಿಸಿದಂತಾಯಿತು.

ಅಳತೆಯ ಈ ಪ್ರಶ್ನೆ ಎದ್ದು ಕಾಣುವುದು ಮಹಾನವಮಿಯ ಆಯುಧಪೂಜೆಯಂದು. ಆ ದಿನ ಲೇತು, ಟ್ರ್ಯಾಕ್ಟರು, ಬಸ್ಸುಗಳಿಗೆ ಕುಂಕುಮವಿಟ್ಟು ಬೂದುಗುಂಬಳ ಒಡೆಯುತ್ತಾರೆ. ಸರಸ್ವತಿಯ ಮುಂದಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯುವುದಿಲ್ಲ. ಪೂಜೆಗೊಂಡ ಉಪಕರಣಕ್ಕೆ ವಿಶ್ರಾಂತಿ ಸಲ್ಲುತ್ತದೆ, ಅದರ ಜೊತೆಗೆ ಅದನ್ನು ಹಿಡಿಯುವ ಕೈಗೂ. ಅಡುಗೆಮನೆಯ ಈಳಿಗೆಮಣೆ, ಮಿಕ್ಸರ್, ಗ್ಯಾಸ್ ಒಲೆಗಳಿಗೂ ಕುಂಕುಮ ಬೀಳುತ್ತದೆ, ಆದರೆ ಆ ಬೊಟ್ಟು ಒಣಗುವ ಮೊದಲೇ ಒಲೆಯ ಮೇಲೆ ಹೋಳಿಗೆಯ ಹೂರಣಕ್ಕೆ ಬೇಳೆ ಬೇಯತೊಡಗಿರುತ್ತದೆ.

ಈ ಕೆಲಸದ ಅಳತೆಯನ್ನು ತಗ್ಗಿಸುವುದಕ್ಕೆ ನಿಬಂಧಕಾರರ, ಅಂದರೆ ಧರ್ಮಶಾಸ್ತ್ರದ ಸಂಗ್ರಹಗ್ರಂಥಗಳನ್ನು ಬರೆದವರ, ಒಪ್ಪಿಗೆ ಬೇಕೆನ್ನುವವರಿಗೆ ದಾರಿಯಿಲ್ಲದಿಲ್ಲ. ಮೀಮಾಂಸೆ ಕಾಮ್ಯ ಮತ್ತು ನಿತ್ಯ ಕರ್ಮಗಳನ್ನು ಬೇರ್ಪಡಿಸುತ್ತದೆ: ನಿರ್ದಿಷ್ಟ ಫಲ ಬಯಸಿ ಮಾಡುವ ಕಾಮ್ಯದಲ್ಲಿ ಒಂದು ಅಂಗ ಲೋಪವಾದರೂ ಫಲ ತಪ್ಪುತ್ತದೆ, ಬದುಕಿರುವಷ್ಟು ಕಾಲ ಮಾಡಬೇಕಾದ ನಿತ್ಯದಲ್ಲಿ ಪ್ರಧಾನವನ್ನು ಉಳಿಸಿಕೊಂಡು ಅಂಗಗಳನ್ನು ಶಕ್ತಿಯಿದ್ದಷ್ಟು ಮಾಡಿದರೆ ಸಾಕು. ದುರ್ಗಾಪೂಜೆಯನ್ನು ಧರ್ಮನಿಬಂಧಗಳು ನಿತ್ಯವೂ ಕಾಮ್ಯವೂ ಆದ ಕರ್ಮವೆಂದು ಗಣಿಸುತ್ತವೆ. ಆದ್ದರಿಂದ ವರ್ಷವರ್ಷ ತಪ್ಪದೆ ಮಾಡುವ ಮನೆಗೆ ಒಂಬತ್ತು ಮೆಟ್ಟಿಲು ಐದಾಗುವುದು, ದಿನಕ್ಕೊಂದು ಉಸಲಿಯ ಬದಲು ಒಂದೆರಡು ದಿನ ಬಾಳೆಹಣ್ಣೇ ನೈವೇದ್ಯವಾಗುವುದು, ಕಾಳು ಬೇಯಿಸುವ ಸರದಿ ಗಂಡನದೋ ಬೆಳೆದ ಮಗನದೋ ಆಗುವುದು ಯಾವುದೂ ಲೋಪವಲ್ಲ. ಸಂಕಲ್ಪದಲ್ಲಿಯೇ ‘ಯಥಾಶಕ್ತಿ’ ಎಂದು ಹೇಳಿಕೊಳ್ಳುವ ರೂಢಿ ಇರುವುದೂ ಇದಕ್ಕಾಗಿ. ಆ ಮಾತನ್ನು ಉಚ್ಚರಿಸುವವನು ಸಾಮಾನ್ಯವಾಗಿ ಮಡಿಯುಟ್ಟು ಮಣೆಯ ಮೇಲೆ ಕುಳಿತ ಯಜಮಾನ. ಅಲ್ಲಿ ಅಳೆಯಲ್ಪಡುತ್ತಿರುವ ಶಕ್ತಿ ಮಾತ್ರ ಒಳಗೆ ಕುಕ್ಕರಿನ ಮುಂದೆ ನಿಂತವಳದು, ಮತ್ತು ಅದು ಎಷ್ಟಿದೆಯೆಂದು ಸಂಕಲ್ಪಕ್ಕೆ ಮೊದಲು ಅವಳನ್ನು ಕೇಳುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.